ಮುಚ್ಚಳದ ಮೇಲಿನ ಹೆಬ್ಬೆಟ್ಟು

ಕಿಟಕಿಯ ಬಿಸಿಲು ಡಬ್ಬಿಯ ಮೇಲೆ ಬಿದ್ದಿದೆ, ಮುಚ್ಚಳದಲ್ಲಿ ಅವ್ವನ ಹೆಬ್ಬೆಟ್ಟಿನ ಗುರುತು, ಹಳದಿ, ಅವ್ವ ಹೋಗಿ ನಾಲ್ಕು ವರ್ಷವಾದರೂ ನಿನ್ನೆ ಒತ್ತಿದ ಹಾಗಿದೆ — ಪರದೆಯಲ್ಲಿ ಅದೇ ಡಬ್ಬಿಯ ಅರಿಶಿನ, ನಡುನಡುವೆ ಕೆಂಪು ಚುಕ್ಕೆ, ಕೆಂಪೆಂದರೆ ಬೆರಕೆ, ಕಣ್ಣಿಗೆ ಕಾಣದ್ದನ್ನು ಈ ಕ್ಯಾಮೆರಾ ಕಣಕಣದ ಬೆಳಕು ಅಳೆದು, ಶುದ್ಧ ಪುಡಿಗೆ ಹೋಲಿಸಿ ತೋರಿಸುತ್ತದೆ, ಪರೀಕ್ಷೆಗೆ ಪುಡಿ ತಂದವರಿಗೆಲ್ಲ ನಾನೇ ವಿವರಿಸಿದ್ದೆ, ದೊಡ್ಡ ಪಂಡಿತೆ. ಆ ಶುದ್ಧ ಪುಡಿ ಪೋಸ್ಟಿನಲ್ಲಿ ಬರುವುದು ತಡವಾಗಿತ್ತು, ನಮ್ಮವ್ವನದಿದೆ ಸರ್, ಬನವಾಸಿಯಲ್ಲಿ ಕೈಯಾರೆ ಕುಟ್ಟಿದ್ದು, ಇದಕ್ಕಿಂತ ಶುದ್ಧ ಶಿರಸಿಯಲ್ಲಿ ಎಲ್ಲಿ ಸಿಗಬೇಕು ಎಂದು ಡಬ್ಬಿ ತಂದೆ, ಲ್ಯಾಬಿನ ಮುಖ್ಯಸ್ಥ ಸದಾಶಿವ ಸರ್ ನಂಬಿದರು, ಯಂತ್ರವೂ ನಂಬಿತು. ಮೂರು ತಿಂಗಳು ಅವ್ವನದರಂಥ ಪುಡಿಗಳೆಲ್ಲ ಪಾಸು, ಫೇಲಾದವರು ಯಲ್ಲಾಪುರದ ಹಯಾತ್ ಸಾಹೇಬರು ಒಬ್ಬರೇ, ಅವರ ಗಿರಣಿಗೆ ಬೀಗ. ಇವತ್ತು ಚೀಲದಲ್ಲಿ ಅರಿಶಿನ ಕೊಂಬು ತಂದರು, ನಿಮ್ಮ ಕಣ್ಣೆದುರಿಗೇ ಬೀಸಿ ತೋರಿಸ್ತೆ ಮೇಡಂ, ಆಮೇಲೆ ಹೇಳಿ — ಬೀಸಿದರು, ಆಗಲೂ ಪರದೆ ಕೆಂಪು, ಸರ್ ಹುಬ್ಬು ಗಂಟಿಕ್ಕಿ, ಬೆಳಿಗ್ಗೆ ಪೋಸ್ಟಲ್ಲಿ ಶುದ್ಧ ಪುಡಿ ಬಂತಲ್ಲ, ಅದನ್ನಿಟ್ಟು ಹೋಲಿಸಿ ನೋಡು ಎಂದರು. ಅವರದು ಶುದ್ಧ. ಅವ್ವನದು —

ಬಣ್ಣ ಬರಲಿಲ್ಲಂದ್ರ ಯಾರ ತಗೋತಾರ ರಂಜೀ, ಜರಡಿ ಹಿಡಿದ ಅವ್ವ, ಸೊಂಟಕ್ಕೆ ಸಿಕ್ಕಿಸಿದ ಕಾಗದದ ಪೊಟ್ಟಣ, ಅದೇನವ್ವಾ, ನಿನಗ್ಯಾಕ, ನೀ ಓದ್ಕೋ ಹೋಗು, ಓದಿದೆ, ಆ ಪುಡಿ ಮಾರಿಯೇ ಓದಿಸಿದಳು, ಓದಿ ಈ ಕ್ಯಾಮೆರಾದ ಮುಂದೆ ಕುಳಿತಿದ್ದೇನೆ. ಸಂಜೆ ಬಾಡಿಗೆ ಕೋಣೆಗೆ ಹೋದರೆ ಮಾತಾಡಿಸುವವರಿಲ್ಲ, ಈ ಡಬ್ಬಿಯನ್ನೇ ದಿನಾ ಚೀಲದಲ್ಲಿ ಒಯ್ದು, ಮುಚ್ಚಳ ತೆಗೆದು ಮೂಸುತ್ತೇನೆ, ಅಡುಗೆಗೂ ಹಾಕದೆ ಉಳಿಸಿಕೊಂಡದ್ದು, ಇವತ್ತು ಯಾವ ಮುಖ ಇಟ್ಟುಕೊಂಡು ಮೂಸಲಿ. ಸಾಹೇಬರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಬೈದಿದ್ದರೆ ಚೆನ್ನಾಗಿತ್ತು. ವರದಿ ಬರೀಬೇಕು ಶಿವರಂಜನಿ, ಸರ್ ಮೆಲ್ಲಗೆ ಹೇಳಿ ಹೋದರು, ಪುಡಿ ಎಲ್ಲಿಂದ ಬಂತು ಅಂತಲೂ. ಬರೆದೆ, ಹಯಾತ್ ಸಾಹೇಬರ ಪುಡಿ ಶುದ್ಧ, ತಪ್ಪು ನನ್ನದು, ಬೆರಕೆ ಪುಡಿ ತಯಾರಿಸಿದವರು ಎಂಬಲ್ಲಿ ‘ಪಾರ್ವ’ ಅನ್ನುವಷ್ಟರಲ್ಲಿ ಪೆನ್ನು ನಿಂತಿತು, ಪಾರ್ವತವ್ವ, ಇನ್ನೆರಡು ಅಕ್ಷರ — ಪೊಟ್ಟಣದಲ್ಲಿ ಎಲೆಅಡಿಕೆ ಇದ್ದಿರಬಹುದು, ಕೊಂಬು ಮಾರಿದವನೇ ಬಣ್ಣ ಬಳಿದಿರಬಹುದು, ಯಂತ್ರಕ್ಕೇನು ಗೊತ್ತು ನಮ್ಮವ್ವ — ಆದರೆ ನಿಜವಾದ ಅರಿಶಿನ ಬಿಸಿಲಿಗೆ ಮಾಸುತ್ತದೆ, ಹಬ್ಬಕ್ಕೆ ಹೊಸ್ತಿಲಿಗೆ ಬಳಿದದ್ದು ನಾಲ್ಕು ದಿನಕ್ಕೆ ಬಿಳಚುತ್ತದೆ, ಅದನ್ನು ಹೇಳಿಕೊಟ್ಟವಳೂ ಅವ್ವನೇ, ಈ ಕಿಟಕಿಯಲ್ಲಿ ಮೂರು ತಿಂಗಳ ಬಿಸಿಲು, ಮುಚ್ಚಳದ ಮೇಲೆ ಅವ್ವನ ಹೆಬ್ಬೆಟ್ಟು, ಇನ್ನೂ ಹಳದಿ