ಹರಿನಾರಾಯಣ ಮಾಸ್ಟ್ರ ಲವಂಗ

ಮಕ್ಕಳು ಇಂಗ್ಲಿಷಿನಲ್ಲಿ ಮಾತನಾಡಲು ಎದ್ದು ನಿಂತರೆ ಸಾಕು, ಹರಿನಾರಾಯಣ ಮಾಸ್ಟ್ರು ಕೋಟಿನ ಜೇಬಿನಿಂದ ಒಂದು ಲವಂಗ ತೆಗೆದು ಹಲ್ಲುಗಳ ನಡುವೆ ಇಟ್ಟುಕೊಳ್ಳುತ್ತಿದ್ದರು. ಹಲ್ಲುನೋವಿಗಲ್ಲ; ತಪ್ಪು ಕಿವಿಗೆ ಬಿದ್ದೊಡನೆ ತಿದ್ದಲು ಹಾತೊರೆಯುವ ಸ್ವಂತ ನಾಲಿಗೆಗೆ ಅವರು ಹಾಕಿಕೊಂಡ ಕಡಿವಾಣವದು. ಎಡಕ್ಕೆ ತುಸು ವಾಲಿದ ನಡಿಗೆ, ಬೆವರು ಧಾರೆಯಾಗಿ ಇಳಿಯುವ ಸೆಕೆಗಾಲದಲ್ಲೂ ಕಳಚದ ಬೂದು ಕೋಟು, ಮಾತಿಗೊಮ್ಮೆ ‘ಆಯ್ತಲ್ಲ’: ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಅವರನ್ನು ಗೇಲಿ ಮಾಡುವುದರಲ್ಲಿ ಕನ್ನಡ ಪಂಡಿತನಾದ ನಾನೇ ಮುಂದಾಳು.

ನಮ್ಮ ಮಕ್ಕಳ ಇಂಗ್ಲಿಷ್ ಸರ್ವನಾಮಗಳೋ, ದೇವರಿಗೇ ಪ್ರೀತಿ! ಮನೆಯಲ್ಲಿ ತುಳುವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ. ಅಮ್ಮ ‘ಹೀ’ ಆಗುವಳು, ತಂಗಿ ‘ಇಟ್’ ಆಗುವಳು. ಶಿರಿಯದ ಮೀನುಗಾರರ ಮಗಳು ಯಶ್ಮಿತಾ ಒಂಬತ್ತನೆಯ ತರಗತಿಯಲ್ಲಿ ತಂದೆಯನ್ನು ‘ದೇ’ ಎಂದಾಗ, ಮಾಸ್ಟ್ರು ರಜೆಯಲ್ಲಿದ್ದ ಆ ದಿನ ಬಂದಿದ್ದ ಬದಲಿ ಶಿಕ್ಷಕರು, “ನಿನಗೆ ಎಷ್ಟು ಜನ ಅಪ್ಪಂದಿರು?” ಎಂದುಬಿಟ್ಟರು. ತರಗತಿ ಗೊಳ್ಳೆಂದಿತು. ಹುಡುಗಿ ಶಾಲೆ ಬಿಟ್ಟಳು.

ಮಾಸ್ಟ್ರು ಆ ಕೋಟಿನಲ್ಲೇ ಶಿರಿಯಕ್ಕೆ ಹೋಗಿ ಕರೆತಂದರು. ಬಂದಳು, ಆದರೆ ಇಂಗ್ಲಿಷ್ ಪೀರಿಯಡ್‌ನಲ್ಲಿ ತುಟಿ ಬಿಚ್ಚಲಿಲ್ಲ. “ಹತ್ತು ಮುಗಿದರೆ ಸಾಕು ಸರ್, ಮತ್ತೆ ಶಾಲೆಯೇ ಬೇಡ ನನಗೆ” ಎಂದಳಂತೆ. ಅದರಿಂದ ಮಾಸ್ಟ್ರಿಗೆ ಊಟ ಸೇರದಷ್ಟು ನೋವಾಗಿತ್ತು.

ಮರುವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಹೇಳೆಂದು ಅವಳನ್ನೇ ಎಬ್ಬಿಸಬೇಕೆ! ಅಧಿಕಾರಿಯ ಜೊತೆಗಿದ್ದ ನನ್ನ ಜೀವ ಬಾಯಿಗೆ ಬಂತು. ಮಾಸ್ಟ್ರು ಲವಂಗ ಕಚ್ಚಿದರು. ಯಶ್ಮಿತಾ ಮೆಲ್ಲಗೆ ಶುರುಮಾಡಿದಳು: ತಂದೆ, ದೋಣಿ, ಬಲೆ. ಮತ್ತೆ ಅದೇ ‘ದೇ’! ಅಧಿಕಾರಿ ಬಾಯಿ ತೆರೆದರು. ಮೇಲಿನವರೆದುರು ಎಂದೂ ದನಿ ಎತ್ತದ ಮಾಸ್ಟ್ರು ಅಂಗೈ ಎತ್ತಿ ಅವರನ್ನು ತಡೆದರು. ಯಾರೂ ನಗಲಿಲ್ಲ. ಅವಳು ಕಡಲಿನಿಂದ ಮಾರ್ಕೆಟ್ಟಿನವರೆಗೂ ಹೇಳಿ ಮುಗಿಸಿ, ಕೂರುವ ಬದಲು ಕೇಳಿದಳು:

“ಸರ್, ತಂದೆಯನ್ನು ‘ಹೀ’ ಅಂದರೆ ಮರ್ಯಾದೆ ಕಮ್ಮಿ ಆಗುದಿಲ್ವಾ?”

“ಎಂತದೂ ಆಗುದಿಲ್ಲ ಮಗಾ. ಇಂಗ್ಲಿಷಿನವರಲ್ಲಿ ರಾಜನಿಗೂ ‘ಹೀ’ಯೇ. ಆಯ್ತಲ್ಲ?”

“ಅಷ್ಟೆಯಾ!” ಎಂದು ಅವಳು ನಕ್ಕಳು. ಅಬ್ಬಾ, ನನ್ನ ಎದೆಯ ಭಾರವೆಲ್ಲ ಇಳಿಯಿತು. ಮಾಸ್ಟ್ರಂತೂ ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡರು. ಮುಂದೆ ಅವಳು ಪ್ಲಸ್ ಟುಗೂ ಸೇರಿದಳು.

ತಿಳಿದದ್ದನ್ನು ಹೇಳಿಕೊಡುವವರಿಗೆ ಯಾವ ಊರಲ್ಲೂ ಬರವಿಲ್ಲ. ತಿಳಿದೂ, ಮಗುವಿನ ಮಾತು ಮುಗಿಯುವ ತನಕ ಸುಮ್ಮನಿರಬಲ್ಲವರು ಅಪರೂಪ. ಅಂಥವರ ಎದುರಿನಲ್ಲಿ ಮಾತ್ರ ಮಕ್ಕಳು ತಮ್ಮ ನಿಜವಾದ ಪ್ರಶ್ನೆಯನ್ನು ಕೇಳುತ್ತಾರೆ.