ಕೊನೆಯ ಸಾಲು

ನೌಫಲ್ ಧಣಿಯ ಖರ್ಜೂರದ ತೋಟಕ್ಕೆ ನೀರು ಸೇದಿ ಸೇದಿ ನನ್ನ ರಟ್ಟೆ ಬಿದ್ದುಹೋಗಿರುತ್ತಿತ್ತು. ಹಾಗಾಗಿ ಮದೀನಾ ಪಕ್ಕದ ನಮ್ಮ ಊರಿನ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ದಿನವೂ ತಡ. ಧಣಿ ಮಾತ್ರ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನ ನಡುವೆ ಚಾಪೆ ಹಾಸಿರುತ್ತಿದ್ದ.

"ಏನಯ್ಯಾ ಕೈಸಾನ್, ನಿನ್ನ ಬಿಡುಗಡೆ ಮಾಡಿದ್ದು ನಿದ್ದೆ ಹೊಡೆಯೋಕಾ?" ಎಂದು ಅಂದೂ ಚುಚ್ಚಿದ.

ದೇವರು ಒಬ್ಬನೇ, ಅವನ ಮುಂದೆ ಧಣಿಯೂ ಆಳೂ ಒಂದೇ ಎಂದು ನಂಬಿದ ಮೇಲೆ ಅವನು ನನ್ನನ್ನು ಗುಲಾಮಗಿರಿಯಿಂದ ಬಿಟ್ಟಿದ್ದ. ಬಾವಿಯಿಂದ ಬಿಟ್ಟಿರಲಿಲ್ಲ.

ಕೊನೆಯ ಸಾಲಿಗೆ ಹೋಗಿ ನಿಂತೆ. ಎಂದಿನಂತೆ ಎಲ್ಲರೂ ಉತ್ತರಕ್ಕೆ, ಜೆರುಸಲೇಮಿನ ಕಡೆಗೆ ಮುಖ ಮಾಡಿದ್ದೆವು. ಪ್ರಾರ್ಥನೆ ಅರ್ಧ ಆಗಿರುವಾಗ ಮದೀನಾದಿಂದ ಒಬ್ಬ ಓಡಿಬಂದು ಬಾಗಿಲಲ್ಲೇ ಕೂಗಿದ: "ಪ್ರವಾದಿಗಳಿಗೆ ದೇವರ ಅಪ್ಪಣೆ ಆಗಿದೆ! ಇನ್ಮೇಲೆ ಮೆಕ್ಕಾದ ಕಾಬಾ ಕಡೆ ತಿರುಗ್ಬೇಕಂತೆ!"

ಮೆಕ್ಕಾ ಇರುವುದು ದಕ್ಷಿಣಕ್ಕೆ. ಪ್ರಾರ್ಥನೆ ನಿಲ್ಲಿಸದೆ ಎಲ್ಲರೂ ನಿಂತಲ್ಲೇ ತಿರುಗಿದರು. ಪ್ರಾರ್ಥನೆ ನಡೆಸುತ್ತಿದ್ದ ಹಿರಿಯರು ಸಾಲುಗಳನ್ನು ದಾಟಿ ಬಂದು ನನ್ನ ಮುಂದೆ ನಿಂತರು. ನನ್ನ ಸಾಲೇ ಮೊದಲನೆಯದಾಯಿತು, ಧಣಿಯದು ಕೊನೆಯದು. ಬಂದ ಆಕಳಿಕೆಯನ್ನು ಹಲ್ಲು ಕಚ್ಚಿ ನುಂಗಿದೆ.

ಮುಗಿದ ಮೇಲೆ ಧಣಿ ಚಾಪೆ ಸುತ್ತುತ್ತ ಗೊಣಗಿದ: "ಏನಪ್ಪಾ, ಮುಂದೆ ಬಂದ್‌ಬಿಟ್ಟೆ?"

"ನಾನೆಲ್ಲಿ ಬಂದೆ ಧಣಿ? ನಿಂತಲ್ಲೇ ಇದ್ದೆ. ತಿರುಗಿಸಿದ್ದು ದೇವರು."

ಮರುದಿನವೂ ನೀರು ಸೇದಿ ಮುಗಿಸುವಷ್ಟರಲ್ಲಿ ತಡವಾಯಿತು. ಕಾಲೆಳೆದುಕೊಂಡು ಹೋದೆ. ಹೊಸ ಮೊದಲ ಸಾಲಿನ ನಡುವೆ, ನಿನ್ನೆ ನಾನು ನಿಂತಿದ್ದ ಜಾಗದಲ್ಲೇ, ಧಣಿಯ ಚಾಪೆ ಹಾಸಿಯಾಗಿತ್ತು.