ಒರಳಿನಲ್ಲಿ ನನ್ನ ಕೈ

ಹೊಸ ವರ್ಷಕ್ಕೆ ಮನೆಯಲ್ಲೇ ಅಂಟಕ್ಕಿ ಕುಟ್ಟಿ ಮೋಚಿ ಉಂಡೆ ಮಾಡಬೇಕೆಂದು ನನ್ನ ಗಂಡ ತೊಕುಜಿ ಹಟ ಹಿಡಿದರು. ಅಂಗಡಿಯದು ಅವರಿಗೆ ರಬ್ಬರಿನಂತೆ ಅನಿಸುತ್ತದಂತೆ. ಹಬೆಯಲ್ಲಿ ಬೆಂದ ಅಂಟಕ್ಕಿಯನ್ನು ಒರಳಿಗೆ ಸುರಿದೆ. ಅವರು ಕೊಡತಿಯಿಂದ ಕುಟ್ಟಬೇಕು. ಕೊಡತಿ ಮೇಲೆದ್ದಾಗ ನಾನು ಒದ್ದೆ ಕೈ ಹಾಕಿ ಹಿಟ್ಟನ್ನು ಮಗುಚಬೇಕು. ಮದುವೆಯಾದಾಗಿನಿಂದ ನಮ್ಮಿಬ್ಬರ ತಾಳ ಒಮ್ಮೆಯೂ ತಪ್ಪಿರಲಿಲ್ಲ.

ಈ ಸಲ ಕೊಡತಿ ಒರಳಿನ ಅಂಚಿಗೆ ಬಡಿಯಿತು.

"ಎಲ್ಲಿ ನೋಡ್ತಿದ್ದೀರಿ?" ಎಂದು ರೇಗಿದೆ.

"ಹಿಡಿ ಸಡಿಲ ಆಗಿದೆ ಕಣೇ. ಬಾಯಿ ಮುಚ್ಕೊಂಡು ಮಗುಚು."

ಹಿಡಿ ಭದ್ರವಾಗಿಯೇ ಇತ್ತು. ಹಬ್ಬದ ಹೊತ್ತಿನಲ್ಲಿ ಜಗಳ ಬೇಡವೆಂದು ಬಣ್ಣಕ್ಕಾಗಿ ಹಸಿರು ಚಹಾಪುಡಿ ಸುರಿದು ಕಲಸಿದೆ. ಅವರು ಮತ್ತೆ ಕುಟ್ಟಿದರು. ಹಿಟ್ಟು ಪಾಚಿಯಂತೆ ದಟ್ಟ ಹಸಿರಾಯಿತು.

ಅವರು ಒರಳಿನ ಮೇಲೆ ಬಗ್ಗಿ, "ಇನ್ನೊಂದಿಷ್ಟು ಪುಡಿ ಹಾಕು, ಇನ್ನೂ ಬೆಳ್ಳಗೇ ಇದೆ," ಅಂದರು.

ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು.

"ಯಾವಾಗಿಂದ ರೀ?"

ಅವರು ಕೊಡತಿಯನ್ನು ಒರಳಿಗೆ ಒರಗಿಸಿದರು. "ಬೇಸಿಗೆಯಿಂದ. ಎಲ್ಲಾ ಹಬೆ ಥರ ಕಾಣುತ್ತೆ. ಆದ್ರೆ ನಿನ್ನ ಕೈ ಹಿಟ್ಟಿಗೆ ತಟ್ಟೋ ಸದ್ದು ಕೇಳುತ್ತಲ್ಲ, ಅದನ್ನ ಕೇಳ್ಕೊಂಡು ಹೊಡೀತೀನಿ."

"ಕೇಳದೇ ಇದ್ರೆ?"

ಅವರು ಮತ್ತೆ ಕೊಡತಿ ಎತ್ತಿ ಹಿಡಿದರು. ಹಿಟ್ಟು ಆರತೊಡಗಿತ್ತು; ಆರಿದರೆ ಕಲ್ಲಾಗುತ್ತದೆ. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು, ಕೈಯನ್ನು ನೀರಿನಲ್ಲಿ ಅದ್ದಿ, ಪಕ್ಕದ ಮನೆಗೂ ಕೇಳುವಂತೆ ಹಿಟ್ಟಿನ ಮೇಲೆ ರಪ್ಪನೆ ತಟ್ಟಿದೆ.